ಚಪ್ಪಟೆ ಪಾದ ಮತ್ತು ರನ್ನಿಂಗ್ ಶೂ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿ ಕಾಫಿಗೆ ನಿಂತರೆ ಶೂ ಮಾತು ಬರದೇ ಇರುವುದಿಲ್ಲ. ಹೊಸದಾಗಿ ಓಟ ಹಿಡಿದವರು, ಬೆಂಗಳೂರಿನ 10 ಕಿ.ಮೀ. ರೇಸ್ ಟಿಸಿಎಸ್ 10ಕೆಗೆ ಹೆಸರು ಕೊಟ್ಟವರು, ಮಗುವಿನ ಪಾದ ನೋಡಿ ಗಾಬರಿಯಾದ ಅಪ್ಪ-ಅಮ್ಮ, ಎಲ್ಲರೂ ಹೆಚ್ಚುಕಡಿಮೆ ಇವನ್ನೇ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಚಪ್ಪಟೆ ಪಾದ ಇಟ್ಟುಕೊಂಡು ಓಡುವವನು, ಅಷ್ಟೆ.

## ಮೊದಲು ಪಾದದ ವಿಷಯ

ನನ್ನದು ಫ್ಲಾಟ್ ಫೂಟ್ ಹೌದೋ ಅಲ್ವೋ ಅಂತ ಮನೇಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಅಂಗಾಲು ಒದ್ದೆ ಮಾಡಿಕೊಂಡು ಒಣನೆಲದ ಮೇಲೆ ಒಮ್ಮೆ ನಿಂತು ಪಕ್ಕಕ್ಕೆ ಸರಿಯಿರಿ. ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಅಚ್ಚು ಚೆನ್ನಾಗಿ ಕಾಣುತ್ತದೆ, ಇಲ್ಲದಿದ್ದರೆ ಪೇಪರ್ ಹಾಳೆ ಸಾಕು. ಕಮಾನು (ಆರ್ಚ್, ಅಂಗಾಲಿನ ಒಳಬದಿಯಲ್ಲಿ ನೆಲ ಬಿಟ್ಟು ಎದ್ದಿರುವ ಭಾಗ) ಇರುವ ಪಾದದ ಅಚ್ಚಿನಲ್ಲಿ ಒಳಬದಿಗೆ ಖಾಲಿ ಜಾಗ ಉಳಿಯುತ್ತದೆ. ಚಪ್ಪಟೆ ಪಾದದ್ದಾದರೆ ಹಿಮ್ಮಡಿಯಿಂದ ಬೆರಳಿನ ತನಕ ಪೂರ್ತಿ ಅಂಗಾಲು ಮೂಡಿರುತ್ತದೆ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಿ, ಯಾರಾದರೂ ಹಿಂದಿನಿಂದ ಫೋಟೋ ತೆಗೆಯಲಿ. ಕಮಾನು ಎದ್ದು ಬಂದು ಹಿಮ್ಮಡಿ ಒಳಕ್ಕೆ ತಿರುಗಿದರೆ ನಿಮ್ಮದು ಫ್ಲೆಕ್ಸಿಬಲ್, ಅಂದರೆ ಬಾಗುವ ಚಪ್ಪಟೆ ಪಾದ. ಬಹುತೇಕರದ್ದು ಇದೇ. ತುದಿಗಾಲಲ್ಲೂ ಚಪ್ಪಟೆಯಾಗಿಯೇ ಉಳಿದರೆ ಅದು ರಿಜಿಡ್. ಅದು ಅಪರೂಪ, ಮತ್ತು ಅದಕ್ಕೆ ಹೋಗಬೇಕಾದ್ದು ಮೂಳೆ ಡಾಕ್ಟರ್ ಹತ್ತಿರ, ಶೂ ಅಂಗಡಿಗಲ್ಲ. ಕೆಳಗೆ ಹೇಳಿರುವ ಶೂ ಮಾತೆಲ್ಲ ಬಾಗುವ ಪಾದದವರಿಗೆ.

ಫ್ಲಾಟ್ ಫೂಟ್ ಇದ್ದೋರು ಓಡಬಾರದು, ಮಂಡಿ ಹೋಗುತ್ತೆ ಅಂತಾರೆ. ನಿಜವಾ?

ಇಲ್ಲ. ನೋವಿಲ್ಲದ ಚಪ್ಪಟೆ ಪಾದ ಒಂದು ಕಾಯಿಲೆಯೇ ಅಲ್ಲ. ಕೆಲವರು ಗಿಡ್ಡ, ಕೆಲವರು ಉದ್ದ ಇರುವ ಹಾಗೆ ಪಾದಗಳಲ್ಲೂ ಬಗೆಗಳಿವೆ. ಅಮೆರಿಕದ ಸೇನೆಯಲ್ಲಿ ತರಬೇತಿ ಪಡೆಯುತ್ತಿದ್ದ 246 ಕಾಲಾಳುಗಳನ್ನು ನೋಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯದ ಅಪಾಯ ಅತಿ ಕಡಿಮೆ ಇದ್ದದ್ದು ಎಲ್ಲರಿಗಿಂತ ಚಪ್ಪಟೆ ಪಾದದವರ ಗುಂಪಿನಲ್ಲಿ! ಜಾಸ್ತಿ ಪೆಟ್ಟು ತಿಂದವರು ಎತ್ತರದ ಕಮಾನಿನವರು. ಆಮೇಲೆ ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ಸಾದಾ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಕ್ಕೆ ವಾಲುವವರಿಗೆ ಗಾಯ ಹೆಚ್ಚು ಅನ್ನುವುದು ಅಲ್ಲೂ ಕಂಡುಬರಲಿಲ್ಲ. ತೀರಾ ಚಪ್ಪಟೆ ಪಾದದವರು ಆ ಗುಂಪಿನಲ್ಲಿ ಕೆಲವೇ ಜನ ಇದ್ದರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಅದನ್ನೇ ಕೊನೆಯ ಮಾತು ಅಂತ ಹಿಡಿಯಬೇಡಿ, ಆದರೆ ಓಟ ಬಿಡಲು ಕಾರಣವಂತೂ ಇಲ್ಲ.

ಹಾಗಿದ್ರೆ ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ಮೊದಲು ಕಮಾನು ಇದ್ದು ಈಗೀಗ ಒಂದೇ ಕಾಲಿನದ್ದು ಕುಸಿಯುತ್ತಿದ್ದರೆ ತಡ ಮಾಡಬೇಡಿ. ಹರಡಿನ (ಆಂಕಲ್) ಒಳಬದಿಯ ಮೂಳೆ ಇದೆಯಲ್ಲ, ಅದರ ಹಿಂದಿನಿಂದ ಹಾದು ಪಾದಕ್ಕೆ ಹೋಗುವ ಟಿಬಿಯಾಲಿಸ್ ಪೋಸ್ಟೀರಿಯರ್ ಅನ್ನುವ ಟೆಂಡನ್ನೇ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಕಮಾನನ್ನು ಎತ್ತಿ ಹಿಡಿಯುವುದು. ಅದು ಸವೆದರೆ ಆ ಜಾಗದಲ್ಲಿ ಊತ, ನೋವು ಬರುತ್ತದೆ, ಆ ಒಂಟಿ ಕಾಲಿನ ತುದಿಯಲ್ಲಿ ಏಳಲು ಆಗುವುದಿಲ್ಲ. ನಡುವಯಸ್ಸು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ರಿಜಿಡ್ ಪಾದ, ಜೋಮು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೂ ಹೋಗಿ ತೋರಿಸಿ.

ಮಗನಿಗೆ 5 ವರ್ಷ, ಪಾದ ಪೂರ್ತಿ ಚಪ್ಪಟೆ. ಆರ್ಚ್ ಸಪೋರ್ಟ್ ಶೂ ಕೊಡಿಸಲಾ?

ನೋವಿಲ್ಲ, ಆಡುತ್ತಾನೆ, ತುದಿಗಾಲಲ್ಲಿ ನಿಂತಾಗ ಕಮಾನು ಬರುತ್ತದೆ ಅಂದರೆ ಬೇಡ. ಮಕ್ಕಳು ಹುಟ್ಟುವಾಗ ಎಲ್ಲರದ್ದೂ ಚಪ್ಪಟೆ ಪಾದವೇ. ಕಮಾನು ನಿಧಾನಕ್ಕೆ, ಹತ್ತು ವರ್ಷದೊಳಗೆ ಮೂಡುತ್ತದೆ.

ಈ ವಿಷಯದಲ್ಲಿ ಜಗತ್ತೆಲ್ಲ ಉಲ್ಲೇಖಿಸುವ ಒಂದು ಅಧ್ಯಯನ ನಮ್ಮ ಮಣಿಪಾಲದ ಡಾಕ್ಟರುಗಳದ್ದು. 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಚಪ್ಪಲಿ-ಶೂ ಹಾಕುವ ಮಕ್ಕಳಲ್ಲಿ 8.6% ಚಪ್ಪಟೆ ಪಾದ, ಬರಿಗಾಲಲ್ಲಿ ಓಡಾಡುವವರಲ್ಲಿ 2.8%. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಜಾಸ್ತಿ, ಚಪ್ಪಲಿ-ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ. ಹುಡುಗ ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ ಬಿಡಿ. ಅಜ್ಜಿ ಬೈದರೆ ಈ ಲೆಕ್ಕ ತೋರಿಸಿ.

## ಶೂ ಕೊಳ್ಳುವಾಗ

ಅಂಗಡಿಯವನು 'ನಿಮಗೆ ಓವರ್‌ಪ್ರೊನೇಷನ್' ಅಂದ. ಏನ್ ಅದು, ಗಾಬರಿ ಬೀಳಬೇಕಾ?

ಕಾಲು ನೆಲಕ್ಕೆ ತಾಗಿದ ಮೇಲೆ ಪಾದ ಸ್ವಲ್ಪ ಒಳಕ್ಕೆ ವಾಲುತ್ತದೆ. ಅದೇ ಪ್ರೊನೇಷನ್. ಹೊಡೆತ ತಗ್ಗಿಸಲು ದೇಹಕ್ಕೆ ಅದು ಬೇಕು, ಎಲ್ಲರಿಗೂ ಆಗುತ್ತದೆ. ಚಪ್ಪಟೆ ಪಾದದವರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಎಷ್ಟಾದರೆ 'ಓವರ್' ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಗಾಬರಿ ಬೇಡ.

ನ್ಯೂಟ್ರಲ್, ಸ್ಟೆಬಿಲಿಟಿ, ಮೋಷನ್ ಕಂಟ್ರೋಲ್... ತಲೆ ಕೆಟ್ಟುಹೋಗಿದೆ. ಸರಳವಾಗಿ ಹೇಳ್ತೀರಾ?

ನ್ಯೂಟ್ರಲ್ ಅಂದರೆ ಮೆತ್ತನೆ ಮಿಡ್‌ಸೋಲ್ (ಅಟ್ಟೆಯ ಮೇಲಿನ ಫೋಮ್ ಪದರ) ಇರುವ ಸಾದಾ ಶೂ, ಪಾದವನ್ನು ತಿದ್ದಲು ಹೋಗುವುದಿಲ್ಲ. ಸ್ಟೆಬಿಲಿಟಿ ಶೂನಲ್ಲಿ ಪಾದ ಒಳಕ್ಕೆ ಬೀಳುವುದನ್ನು ನಿಧಾನ ಮಾಡುವ ಏನಾದರೊಂದು ವ್ಯವಸ್ಥೆ ಇರುತ್ತದೆ. ಹಿಂದೆಲ್ಲ ಅದು ಒಳಬದಿಯಲ್ಲಿ ಕೂರಿಸಿದ ಗಟ್ಟಿ ಫೋಮ್ ಆಗಿರುತ್ತಿತ್ತು, ಬೂದು ಬಣ್ಣದ್ದು, ಬೆರಳಿಂದ ಒತ್ತಿದರೇ ತಿಳಿಯುತ್ತಿತ್ತು. ಮೋಷನ್ ಕಂಟ್ರೋಲ್ ಅಂದರೆ ಅದೇ ವ್ಯವಸ್ಥೆ ಇನ್ನೂ ಜೋರಾಗಿ: ಭಾರ, ಬಿಗಿ, ಬಾಗದ ಶೂ.

ಈಗ ಕಂಪನಿಗಳೇ ದಾರಿ ಬದಲಿಸಿವೆ. 1993ರಿಂದ ಬರುತ್ತಿರುವ ಆಸಿಕ್ಸ್ ಕಯಾನೋ ತನ್ನ 30ನೇ ಆವೃತ್ತಿಯಲ್ಲಿ, ಅಂದರೆ 2023ರಲ್ಲಿ, ಆ ಗಟ್ಟಿ ಫೋಮನ್ನೇ ತೆಗೆದು ಅಗಲವಾದ ತಳ ಮತ್ತು ಒಳಬದಿಗೆ ಪುಟಿಯುವ ಮೆತ್ತನೆ ಫೋಮ್ ಇಟ್ಟಿತು. ಬ್ರೂಕ್ಸ್‌ನ ಅಡ್ರಿನಲಿನ್ ಜಿಟಿಎಸ್‌ನಲ್ಲಿ ಹಿಮ್ಮಡಿಯ ಎರಡೂ ಪಕ್ಕ ಎತ್ತರದ ಅಂಚು ಇರುತ್ತದೆ, ಅದಕ್ಕೆ ಗೈಡ್‌ರೈಲ್ ಅನ್ನುತ್ತಾರೆ. ಹೊಕಾ ಅರಾಹಿಯಲ್ಲಿ ಜೆ ಅಕ್ಷರದ ಆಕಾರದ ಗಟ್ಟಿ ಫೋಮ್ ಹಿಮ್ಮಡಿಯನ್ನು ಬಳಸಿ ಬರುತ್ತದೆ. ಪಾದವನ್ನು ತಳ್ಳಿ ನೇರ ಮಾಡುವುದಕ್ಕಿಂತ ಅಗಲವಾದ, ಅಲುಗಾಡದ ನೆಲೆ ಕೊಡೋಣ ಅನ್ನುವ ಕಡೆಗೆ ಎಲ್ಲರೂ ವಾಲಿದ್ದಾರೆ. ನನಗೂ ಇದೇ ಸರಿ ಅನಿಸುತ್ತದೆ.

ಚಪ್ಪಟೆ ಪಾದ ಅಂದ್ಮೇಲೆ ಸ್ಟೆಬಿಲಿಟಿ ಶೂ ಬೇಕೇ ಬೇಕು ತಾನೇ?

ಬೇಕೇ ಬೇಕು ಅಂತೇನಿಲ್ಲ. ಜನ ಅತಿ ಹೆಚ್ಚು ದುಡ್ಡು ಕಳೆಯುವುದು ಈ ಒಂದು ನಂಬಿಕೆಯಿಂದ.

2009–10ರ ಹೊತ್ತಿಗೆ ಅಮೆರಿಕದ ಸೇನೆ, ವಾಯುಪಡೆ, ಮೆರೀನ್ ಪಡೆ ಮೂರರಲ್ಲೂ ಹೊಸಬರ ತರಬೇತಿಯಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಅಂಗಾಲಿನ ಆಕಾರ ನೋಡಿ ಶೂ, ಚಪ್ಪಟೆಯವರಿಗೆ ಮೋಷನ್ ಕಂಟ್ರೋಲ್, ಎತ್ತರದ ಕಮಾನಿನವರಿಗೆ ಮೆತ್ತನೆಯದು, ಹೀಗೆ. ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ, ಎಲ್ಲರಿಗೂ ಸ್ಟೆಬಿಲಿಟಿ ಶೂ. ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ 2016ರಲ್ಲಿ ಲಕ್ಸೆಂಬರ್ಗಿನವರು 372 ಹವ್ಯಾಸಿ ಓಟಗಾರರಲ್ಲಿ ಕೆಲವರಿಗೆ ಸಾದಾ, ಕೆಲವರಿಗೆ ಮೋಷನ್ ಕಂಟ್ರೋಲ್ ಶೂ ಕೊಟ್ಟು ಆರು ತಿಂಗಳು ನೋಡಿದಾಗ ಮೋಷನ್ ಕಂಟ್ರೋಲ್ ಹಾಕಿದವರಿಗೆ ಗಾಯ ಕಡಿಮೆ, ಅದರಲ್ಲೂ ಪಾದ ಒಳಕ್ಕೆ ವಾಲುವವರಿಗೆ ಲಾಭ ಜಾಸ್ತಿ ಅಂತ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಪೋರ್ಟ್ ಕೆಲವರಿಗೆ ಉಪಯೋಗ, ಆದರೆ ಒದ್ದೆ ಅಂಗಾಲಿನ ಅಚ್ಚು ನೋಡಿ ಯಾರಿಗೆ ಅಂತ ಹೇಳಲು ಬರುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಈಗಿನ ನ್ಯೂಟ್ರಲ್ ಶೂನಲ್ಲಿ ನೋವಿಲ್ಲದೆ ಓಡುತ್ತಿದ್ದೀರಾ? ಬದಲಾಯಿಸಬೇಡಿ. ಹರಡಿನ ಒಳಬದಿ, ಅಂಗಾಲಿನ ಕಮಾನು ಅಥವಾ ಕಣಕಾಲಿನ ಮೂಳೆಯ ಒಳಅಂಚು ಓಡಿದ ಮೇಲೆ ಪದೇ ಪದೇ ನೋಯುತ್ತಾ? ಆಗ ಸ್ಟೆಬಿಲಿಟಿ ಶೂ ಒಂದು ಸಲ ಹಾಕಿ ನೋಡುವುದರಲ್ಲಿ ಅರ್ಥವಿದೆ. ಹೊಸದಾಗಿ ಶುರು ಮಾಡುತ್ತಿದ್ದರೆ ಎರಡೂ ಬಗೆ ಹಾಕಿ ನೋಡಿ, ಯಾವುದು ಆರಾಮೋ ಅದು. ಕೆನಡಾದ ಕ್ಯಾಲ್ಗರಿಯ ಬೆನ್ನೋ ನಿಗ್ ನಾಲ್ಕು ದಶಕ ಶೂ ಮೇಲೆ ಸಂಶೋಧನೆ ಮಾಡಿ ಕೊನೆಗೆ ಹೇಳಿದ್ದೂ ಇದನ್ನೇ, ಆರಾಮ ಅನಿಸುವ ಶೂ ಆರಿಸಿ ಅಂತ.

ಅಂಗಡಿಯಲ್ಲಿ ನಿಂತಾಗ ನಿಖರವಾಗಿ ಏನೇನು ನೋಡಲಿ?

ಸಂಜೆ ಹೋಗಿ. ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡಲು ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಎರಡೂ ಕಾಲಿಗೆ ಹಾಕಿ, ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಮಾಮೂಲು, ದೊಡ್ಡದಕ್ಕೆ ಸರಿಹೋಗುವುದನ್ನು ತಗೊಳ್ಳಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು. ಕೂತು ಅಳೆಯಬೇಡಿ, ಚಪ್ಪಟೆ ಪಾದ ಭಾರ ಬಿದ್ದಾಗ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ.

ಆಮೇಲೆ ಶೂವನ್ನು ಕೈಯಲ್ಲಿ ಹಿಡಿಯಿರಿ. ಹಿಮ್ಮಡಿ ಕೂರುವ ಬಟ್ಟಲನ್ನು ಹಿಂದಿನಿಂದ ಒತ್ತಿ, ಪೂರ್ತಿ ಕುಸಿಯಬಾರದು. ತುದಿ ಮತ್ತು ಹಿಮ್ಮಡಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ, ಸ್ವಲ್ಪ ಎದುರು ಕೊಡಬೇಕು. ಮಡಚಿದರೆ ಬೆರಳು ಬಾಗುವ ಜಾಗದಲ್ಲಿ ಮಡಚಿಕೊಳ್ಳಬೇಕು, ನಡುವಿನಲ್ಲಿ ಮಡಚಿಕೊಂಡರೆ ವಾಪಸ್ ಇಡಿ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಹೊಸ ಶೂನೇ ಒಳಕ್ಕೆ ವಾಲಿಕೊಂಡಿದ್ದರೆ ಅದು ತಯಾರಿಕೆಯ ದೋಷ, ಅಪರೂಪಕ್ಕೆ ಸಿಗುತ್ತದೆ.

ಕೊನೆಗೆ ಓಡಿ. ಅಂಗಡಿ ಮುಂದಿನ ಫುಟ್‌ಪಾತ್ ಮೇಲೆ ಬಿಡುತ್ತಾರಾ ಕೇಳಿ, ನಾಚಿಕೆ ಬೇಡ, ದುಡ್ಡು ನಿಮ್ಮದು. ಕಮಾನಿನ ಕೆಳಗೆ ಏನೋ ಗುಬುಟು ಒತ್ತಿದ ಹಾಗೆ ಅನಿಸಿದರೆ 'ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್' ಅನ್ನುವ ಮಾತು ಕೇಳಲೇಬೇಡಿ. ಅಲ್ಲಿ ಎರಡು ನಿಮಿಷ ಒತ್ತಿದ್ದು ಹತ್ತನೇ ಕಿಲೋಮೀಟರಿಗೆ ಬೊಬ್ಬೆ ಎಬ್ಬಿಸುತ್ತದೆ.

ನನ್ನ ಪಾದ ಅಗಲ. ಒಂದು ಸೈಜ್ ದೊಡ್ಡದು ತಗೊಂಡ್ರೆ ಆಯ್ತಲ್ವಾ?

ಆಗಲ್ಲ. ಉದ್ದ ಜಾಸ್ತಿಯಾದರೆ ಹಿಮ್ಮಡಿ ಜಾರುತ್ತದೆ, ಶೂ ಬಾಗುವ ಜಾಗ ಪಾದ ಬಾಗುವ ಜಾಗಕ್ಕೆ ಕೂರುವುದಿಲ್ಲ. ಅಗಲದ ಅಕ್ಷರ ನೋಡಿ. ಗಂಡಸರ ಶೂನಲ್ಲಿ ಡಿ ಮಾಮೂಲು, 2ಇ ಅಗಲ, 4ಇ ತುಂಬಾ ಅಗಲ. ಹೆಂಗಸರದ್ದರಲ್ಲಿ ಬಿ ಮಾಮೂಲು, ಡಿ ಅಗಲ. ನಮ್ಮ ಕಡೆ ಅಂಗಡಿಗಳಲ್ಲಿ ಅಗಲದ್ದು ಇಡುವುದೇ ಕಡಿಮೆ, ಆನ್‌ಲೈನ್‌ನಲ್ಲಿ ಹುಡುಕಬೇಕಾಗಬಹುದು. ಹೆಂಗಸರಿಗೆ ಒಂದು ಉಪಾಯ ಇದೆ, ಅಗಲದ್ದು ಸಿಗದಿದ್ದರೆ ಅದೇ ಮಾಡೆಲಿನ ಗಂಡಸರ ಶೂ ಹಾಕಿ ನೋಡಿ.

ಸುಮ್ನೆ ಒಂದು ಮಾಡೆಲ್ ಹೆಸರು ಹೇಳಿಬಿಡಿ, ತಗೊಂಡುಬಿಡ್ತೀನಿ.

ಸ್ಟೆಬಿಲಿಟಿ ಬಗೆಯಲ್ಲಿ ನೋಡಬಹುದಾದವು: ಆಸಿಕ್ಸ್ ಜಿಟಿ-2000 ಮತ್ತು ಕಯಾನೋ, ಬ್ರೂಕ್ಸ್ ಅಡ್ರಿನಲಿನ್ ಜಿಟಿಎಸ್, ಸಾಕನಿ ಗೈಡ್, ನ್ಯೂ ಬ್ಯಾಲೆನ್ಸ್ 860, ಮಿಜುನೋ ವೇವ್ ಇನ್‌ಸ್ಪೈರ್, ಹೊಕಾ ಅರಾಹಿ. ಕಯಾನೋ ಒಳ್ಳೆಯದೇ, ಆದರೆ ವಾರಕ್ಕೆ ಮೂರು ಸಲ 5 ಕಿ.ಮೀ. ಓಡುವವರಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯ ಕಾಣುವುದಿಲ್ಲ. ಜಿಟಿ-2000 ಸಾಕು. ಪಕ್ಕದ ಮನೆಯವರಿಗೆ ಹೊಂದಿದ್ದು ನಿಮಗೆ ಹೊಂದಬೇಕೆಂದಿಲ್ಲ. ಹೆಸರು ಹಿಡಿದುಕೊಂಡು ಅಂಗಡಿಗೆ ಹೋಗಿ, ಕಾಲಿಗೆ ಹಾಕಿದ ಮೇಲೆ ಹೆಸರು ಮರೆತುಬಿಡಿ.

ಅಷ್ಟೆಲ್ಲ ದುಡ್ಡಿಲ್ಲ. 4,000ದೊಳಗೆ ಏನಾದ್ರೂ ಆಗುತ್ತಾ?

ಆಗುತ್ತದೆ. ಈ ಬೆಲೆಗೆ ಸಿಗುವುದು ಹೆಚ್ಚಾಗಿ ನ್ಯೂಟ್ರಲ್ ಶೂಗಳೇ, ಅದರಲ್ಲಿ ತಪ್ಪೇನಿಲ್ಲ. ತಳ ಅಗಲವಾಗಿರುವ, ಫೋಮ್ ತೀರಾ ಮೆತ್ತಗಿಲ್ಲದ ಒಂದನ್ನು ಆರಿಸಿ. ಸ್ಟೆಬಿಲಿಟಿಯೇ ಬೇಕು ಅಂದರೆ ಹಿಂದಿನ ವರ್ಷದ ಆವೃತ್ತಿಗೆ ಕಾಯಿರಿ. ಹೊಸದು ಬಂದ ತಕ್ಷಣ ಹಳೆಯದರ ಬೆಲೆ ಚೆನ್ನಾಗಿ ಇಳಿಯುತ್ತದೆ. ಆಸಿಕ್ಸ್ ಜಿಟಿ-1000 ಆ ಸಾಲಿನಲ್ಲಿ ಕಡಿಮೆ ಬೆಲೆಯದು. ಸಂಡೇ ಬಜಾರಿನ 'ಫಸ್ಟ್ ಕಾಪಿ' ಮಾತ್ರ ಬೇಡ, ಹೊರಗಿನ ಚಿತ್ರ ಅದೇ ಇರುತ್ತದೆ, ಒಳಗಿನ ಫೋಮ್ ಯಾವುದೋ.

ಟ್ರೆಡ್‌ಮಿಲ್ ಮೇಲೆ ಓಡಿಸಿ ವಿಡಿಯೋ ತೆಗೆದು ಶೂ ಹೇಳ್ತಾರಲ್ಲ, ನಂಬಬಹುದಾ? ಹಳೇ ಶೂ ಸವೆದಿರೋದು ನೋಡಿದ್ರೆ ಸಾಲದಾ?

ವಿಡಿಯೋದಲ್ಲಿ ಹಿಮ್ಮಡಿ ಎಷ್ಟು ವಾಲುತ್ತದೆ ಅಂತ ಕಾಣುತ್ತದೆ. ಅದರಿಂದ ಗಾಯ ಆಗುತ್ತದೋ ಇಲ್ಲವೋ ಕಾಣುವುದಿಲ್ಲ. ಉಚಿತವಾಗಿದ್ದರೆ ಮಾಡಿಸಿಕೊಳ್ಳಿ, ಒಂದು ಸುಳಿವು ಅಂತ ಇಟ್ಟುಕೊಳ್ಳಿ.

ಹಳೆ ಅಟ್ಟೆಯನ್ನು ಓದುವಾಗ ಎಲ್ಲರೂ ಹಿಮ್ಮಡಿಯ ಹೊರಅಂಚು ಸವೆದಿದೆ ಅಂತ ನೋಡಿ 'ನಂದು ಹೊರಕ್ಕೆ ವಾಲುತ್ತೆ' ಅಂದುಕೊಳ್ಳುತ್ತಾರೆ. ಹಿಮ್ಮಡಿ ಊರಿ ಓಡುವ ಬಹುತೇಕ ಎಲ್ಲರದ್ದೂ ಅಲ್ಲೇ ಸವೆಯುವುದು, ಚಪ್ಪಟೆ ಪಾದದವರದ್ದೂ. ನೋಡಬೇಕಾದ್ದು ಹೆಬ್ಬೆರಳಿನ ಬುಡದ ಕೆಳಗಿನ ಸವೆತ, ಮತ್ತು ಶೂ ನೆಲದ ಮೇಲಿಟ್ಟಾಗ ಒಳಕ್ಕೆ ವಾಲಿಕೊಂಡಿದೆಯಾ ಅನ್ನುವುದು.

## ಓಡಲು ಶುರು ಮಾಡಿದ ಮೇಲೆ

ಹೊಸ ಸ್ಟೆಬಿಲಿಟಿ ಶೂ ತಗೊಂಡೆ, ಈಗ ಮಂಡಿ ಹೊರಗಡೆ ನೋಯ್ತಿದೆ. ಇದೇನು ಕರ್ಮ?

ಸಪೋರ್ಟ್ ಜಾಸ್ತಿಯಾಗಿರಬಹುದು. ಒಳಕ್ಕೆ ವಾಲಿ ಹೊಡೆತ ಹಂಚಿಕೊಳ್ಳುತ್ತಿದ್ದ ಪಾದವನ್ನು ಗಟ್ಟಿಯಾಗಿ ತಡೆದರೆ ಭಾರ ಬೇರೆ ಕಡೆಗೆ ಹೋಗುತ್ತದೆ. ಮೊದಲು ಒಂದು ವಿಷಯ ಪರೀಕ್ಷಿಸಿ: ಶೂ ಬದಲಾಯಿಸಿದ ವಾರವೇ ದೂರವನ್ನೂ ಏರಿಸಿದಿರಾ? ಹೊಸ ಶೂ ಸಂಭ್ರಮದಲ್ಲಿ ಬಹಳ ಜನ ಹೀಗೆ ಮಾಡುತ್ತಾರೆ. ಓಡುವ ರಸ್ತೆಯನ್ನೂ ನೋಡಿ. ನಮ್ಮ ರಸ್ತೆಗಳು ಮಳೆನೀರು ಹರಿಯಲು ಅಂಚಿಗೆ ಇಳಿಜಾರಾಗಿರುತ್ತವೆ, ದಿನಾ ಒಂದೇ ಬದಿಯಲ್ಲಿ ಓಡಿದರೆ ಒಂದು ಪಾದ ಒಳಕ್ಕೆ, ಇನ್ನೊಂದು ಹೊರಕ್ಕೆ ವಾಲುತ್ತಲೇ ಇರುತ್ತದೆ. ಎರಡೂ ಕಾರಣ ಇಲ್ಲದಿದ್ದರೆ, ಹಳೆ ಶೂಗೆ ವಾಪಸ್ ಹೋಗಿ ಎರಡು ವಾರ ನೋಡಿ.

ಇನ್‌ಸೋಲ್ ಹಾಕಿದ್ರೆ ಸಾಕಾ? ಅಳತೆ ಕೊಟ್ಟು ಮಾಡಿಸಬೇಕಾ?

ನೋವಿಲ್ಲದಿದ್ದರೆ ಯಾವುದೂ ಬೇಡ. ನೋವಿದ್ದರೆ ಮೊದಲು ರೆಡಿಮೇಡ್ ಇನ್‌ಸೋಲ್ (ಶೂ ಒಳಗೆ ಅಂಗಾಲಿನ ಕೆಳಗೆ ಹಾಕುವ ಹಾಸು) ಹಾಕಿ ನೋಡಿ. ಅಳತೆ ಕೊಟ್ಟು ಮಾಡಿಸಿದ್ದು ಬಹಳಷ್ಟು ಮಂದಿಗೆ ಅದಕ್ಕಿಂತ ಹೆಚ್ಚಿನ ಲಾಭ ಕೊಡುವುದಿಲ್ಲ, ಬೆಲೆ ಮಾತ್ರ ಎಷ್ಟೋ ಪಟ್ಟು. ಹಾಕುವಾಗ ಶೂ ಜೊತೆ ಬಂದ ಇನ್‌ಸೋಲ್ ತೆಗೆದುಹಾಕಿ, ಒಂದರ ಮೇಲೊಂದು ಇಟ್ಟರೆ ಹಿಮ್ಮಡಿ ಮೇಲೆದ್ದು ಜಾರುತ್ತದೆ. ಗಟ್ಟಿ ಆರ್ಚ್ ಇರುವ ಇನ್‌ಸೋಲನ್ನು ನ್ಯೂಟ್ರಲ್ ಶೂನಲ್ಲಿ ಹಾಕಿ, ಸ್ಟೆಬಿಲಿಟಿ ಶೂನಲ್ಲಿ ಹಾಕಿದರೆ ತಿದ್ದುಪಡಿಗೆ ತಿದ್ದುಪಡಿ ಆಗುತ್ತದೆ. ಮೊದಲ ವಾರ ನಡೆಯಲು ಮಾತ್ರ ಬಳಸಿ.

ಬರಿಗಾಲಲ್ಲಿ ಓಡಿದ್ರೆ, ವ್ಯಾಯಾಮ ಮಾಡಿದ್ರೆ ಕಮಾನು ಬರುತ್ತಾ?

ದೊಡ್ಡವರಿಗೆ ಆಕಾರ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಬಲ ಬರುತ್ತದೆ, ಮತ್ತು ಬೇಕಾದ್ದು ಅದೇ. ಬ್ರೆಜಿಲಿನಲ್ಲಿ 118 ಓಟಗಾರರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾದದ ವ್ಯಾಯಾಮ ಮಾಡದವರಿಗೆ ಗಾಯದ ಸಾಧ್ಯತೆ ಮಾಡಿದವರಿಗಿಂತ 2.42 ಪಟ್ಟು ಇತ್ತು. ಯಾವ ಶೂ ಪ್ರಯೋಗದಲ್ಲೂ ಇಷ್ಟು ದೊಡ್ಡ ವ್ಯತ್ಯಾಸ ನಾನು ನೋಡಿಲ್ಲ. ಅದು ಫಲ ಕೊಡಲು ತಿಂಗಳುಗಳೇ ಹಿಡಿದವು ಅನ್ನುವುದೂ ನೆನಪಿರಲಿ.

ಮಾಡಬೇಕಾದ್ದು ಕಷ್ಟವೇನಿಲ್ಲ. ಬೆರಳು ಮಡಚದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿ ಕಡೆಗೆ ಎಳೆದು ಕಮಾನು ಎತ್ತಿ ಕೆಲ ಕ್ಷಣ ಹಿಡಿಯಿರಿ. ಹಲ್ಲುಜ್ಜುವಾಗ ಮಾಡಬಹುದು. ಮೆಟ್ಟಿಲ ಅಂಚಿನಲ್ಲಿ ನಿಂತು ತುದಿಗಾಲಲ್ಲಿ ಎದ್ದು ಇಳಿಯಿರಿ, ಮೊದಲು ಎರಡೂ ಕಾಲು, ಬಲ ಬಂದ ಮೇಲೆ ಒಂದೊಂದೇ. ಮೀನಖಂಡ ಬಿಗಿಯಾಗಿದ್ದರೆ ಪಾದ ಇನ್ನಷ್ಟು ಚಪ್ಪಟೆಯಾಗುತ್ತದೆ, ಅದನ್ನೂ ಎಳೆದು ಸಡಿಲ ಮಾಡಿ. ಬರಿಗಾಲ ಓಟ ಇಷ್ಟವಿದ್ದರೆ ಹುಲ್ಲಿನ ಮೇಲೆ, ಓಟದ ಕೊನೆಗೆ, ಕೆಲವೇ ನಿಮಿಷ. ತೆಳು ಅಟ್ಟೆಯ ಶೂಗೆ ಒಮ್ಮೆಲೇ ಹಾರಿದವರ ಪಾದದ ಮೂಳೆಗೆ ಪೆಟ್ಟಾದ ಉದಾಹರಣೆಗಳು ಬೇಕಾದಷ್ಟಿವೆ.

ಮ್ಯಾರಥಾನ್‌ಗೆ ಕಾರ್ಬನ್ ಪ್ಲೇಟ್ ಶೂ ಹಾಕಬಹುದಾ?

ಹಾಕಬಹುದು, ನೋಡಿಕೊಂಡು. ಫೋಮ್ ಒಳಗೆ ಗಟ್ಟಿ ಕಾರ್ಬನ್ ಹಾಳೆ ಇಟ್ಟ ಈ ರೇಸ್ ಶೂಗಳು ಹೆಚ್ಚಾಗಿ ಎತ್ತರ, ತುಂಬಾ ಮೆತ್ತನೆ, ನಡುಭಾಗ ಕಿರಿದು. ಒಳಕ್ಕೆ ವಾಲುವ ಪಾದಕ್ಕೆ ಮೂರೂ ಒಳ್ಳೆಯ ಸುದ್ದಿಯಲ್ಲ. ದಣಿದ ಮೇಲೆ, ತಿರುವುಗಳಲ್ಲಿ ಗೊತ್ತಾಗುತ್ತದೆ. ನಡುಭಾಗ ಅಗಲವಿರುವ ಮಾಡೆಲ್ ಹುಡುಕಿ, ದೂರದ ಓಟದ ಅಭ್ಯಾಸದಲ್ಲಿ ಒಂದೆರಡು ಸಲ ಬಳಸಿದ ಮೇಲೇ ರೇಸಿಗೆ ಹಾಕಿ. ಮೊದಲ ಹಾಫ್ ಮ್ಯಾರಥಾನ್ ಓಡುವವರು ಆ ದುಡ್ಡಲ್ಲಿ ಎರಡು ಜೊತೆ ಮಾಮೂಲಿ ಶೂ ಕೊಳ್ಳುವುದು ವಾಸಿ.

ಸೇನೆಗೆ ಸೇರಬೇಕು ಅಂತಿದೀನಿ. ಒಳ್ಳೆ ಶೂ ಹಾಕಿ ಓಡಿದ್ರೆ ಮೆಡಿಕಲ್ ಪಾಸ್ ಆಗುತ್ತಾ?

ಶೂಗೂ ಮೆಡಿಕಲ್‌ಗೂ ಸಂಬಂಧವಿಲ್ಲ, ಬರಿಗಾಲನ್ನೇ ನೋಡುತ್ತಾರೆ. ಆದರೆ ಚಪ್ಪಟೆ ಪಾದ ಅಂದ ಕೂಡಲೇ ಆಸೆ ಬಿಡಬೇಡಿ. ಸೇನಾಧಿಕಾರಿಗಳ ಆಯ್ಕೆಯ ಎನ್‌ಡಿಎ, ಸಿಡಿಎಸ್ ಪರೀಕ್ಷೆಗಳಿಗೆ ಯುಪಿಎಸ್‌ಸಿ ಪ್ರಕಟಿಸಿರುವ ವೈದ್ಯಕೀಯ ನಿಯಮಗಳ ಪ್ರಕಾರ ತುದಿಗಾಲಲ್ಲಿ ನಿಂತಾಗ ಕಮಾನು ಮತ್ತೆ ಕಾಣಿಸಿದರೆ, ತುದಿಗಾಲಲ್ಲಿ ಚೆನ್ನಾಗಿ ಓಡಿ ಕುಪ್ಪಳಿಸಲು ಬಂದರೆ, ಪಾದ ನೋವಿಲ್ಲದೆ ಸಡಿಲವಾಗಿ ಬಾಗಿದರೆ ಅಭ್ಯರ್ಥಿಯನ್ನು ಒಪ್ಪಬಹುದು. ಬಾಗದ ರಿಜಿಡ್ ಪಾದವನ್ನು ಒಪ್ಪುವುದಿಲ್ಲ. ಬೇರೆ ನೇಮಕಾತಿಗಳ ನಿಯಮ ಬೇರೆ ಇರಬಹುದು, ಆಯಾ ಅಧಿಸೂಚನೆ ಓದಿಕೊಳ್ಳಿ.

ಶೂ ಎಷ್ಟು ದಿನ ಬರುತ್ತೆ? ಎರಡು ಜೊತೆ ಇಟ್ಕೊಳ್ಳೋದು ದುಂದಾ?

ದಿನದ ಲೆಕ್ಕ ಬೇಡ, ಕಿಲೋಮೀಟರ್ ಲೆಕ್ಕ ಇಡಿ. 500ರಿಂದ 800 ಕಿ.ಮೀ. ಸಾಮಾನ್ಯ. ಚಪ್ಪಟೆ ಪಾದದವರು, ಮೈಭಾರ ಇರುವವರು ಒಳಬದಿಯ ಫೋಮನ್ನು ಬೇಗ ಕೂರಿಸುತ್ತಾರೆ. ಮೇಲೆ ಹೊಸದರಂತೆ ಕಂಡರೂ ಒಳಬದಿ ಕುಸಿದಿದ್ದರೆ ಅದರ ಕೆಲಸ ಮುಗಿಯಿತು. ತರಕಾರಿ ತರಲು ಇಟ್ಟುಕೊಳ್ಳಿ.

ಎರಡು ಜೊತೆ ದುಂದಲ್ಲ. ಲಕ್ಸೆಂಬರ್ಗಿನಲ್ಲೇ 264 ಓಟಗಾರರನ್ನು ಗಮನಿಸಿದಾಗ ಬೇರೆ ಬೇರೆ ಶೂ ಬದಲಾಯಿಸಿ ಓಡುವವರಿಗೆ ಗಾಯದ ಅಪಾಯ 39% ಕಡಿಮೆ ಇತ್ತು. ಒಂದು ಸ್ಟೆಬಿಲಿಟಿ, ಒಂದು ನ್ಯೂಟ್ರಲ್ ಇಟ್ಟುಕೊಂಡರೆ ಚೆನ್ನ. ಮಲೆನಾಡು, ಕರಾವಳಿಯವರಿಗಂತೂ ಜೂನ್‌ನಿಂದ ಒಂದೇ ಜೊತೆಯಲ್ಲಿ ದಿನ ದೂಡುವುದು ಆಗದ ಮಾತು. ಒದ್ದೆಯಾದ ಶೂವನ್ನು ಬಚ್ಚಲೊಲೆ ಹತ್ತಿರ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಕೆಡುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಹಳೆ ಪೇಪರ್ ತುರುಕಿ, ಫ್ಯಾನ್ ಕೆಳಗೆ ಬಿಡಿ. ಪೇಪರ್ ಒದ್ದೆಯಾದ ಹಾಗೆ ಬದಲಾಯಿಸುತ್ತಿರಿ.